ಕಪ್ಪು ಪೇಂಟಿಗೆ ಮೊದಲು ಒಂದು ಸುತ್ತಿಗೆ ಪೆಟ್ಟು

ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರದ ಬಂದರುಗಳಿಂದ ಮೀನು ಸಾಗಿಸುವ ಪಿಕಪ್‌ಗಳ ಮಾಲೀಕರಿಗೆ ಮತ್ತು ಚಾಲಕರಿಗೆ,



ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ನಿಮ್ಮಲ್ಲಿ ಹೆಚ್ಚಿನವರ ಗಾಡಿಗೂ ರಜೆಯೇ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟಿಂಕರಿಂಗ್, ಪೇಂಟು ಎಲ್ಲ ಆಗ ನೋಡಿಕೊಳ್ಳೋಣ ಎಂದು ಸೀಸನ್ ಪೂರ್ತಿ ಮುಂದೂಡಿದ ಗಾಡಿಗಳು ಮೇ ಕೊನೆಗೆ ಗ್ಯಾರೇಜುಗಳ ಮುಂದೆ ಸಾಲುಗಟ್ಟುತ್ತವೆ. ಬೆಳಿಗ್ಗೆ ಅಡಿಗೆ ನೀರು ಹೊಡೆಸುವುದು, ಮಧ್ಯಾಹ್ನ ಚಾಸಿಗೆ ಕಪ್ಪು ಪೇಂಟು, ಸಂಜೆಗೆ ಎಲ್ಲವೂ ಪಳಪಳ. ಮರುದಿನ ಎಫ್‌ಸಿಗೆ. ಈ ಪತ್ರ ಬರೆಯುತ್ತಿರುವುದು ಆ ಕಪ್ಪು ಪೇಂಟಿನ ವಿಷಯಕ್ಕೆ.

ನಾನು ಧಕ್ಕೆಗೆ ಹೋಗುವ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡವ. ನಿಮ್ಮ ಗಾಡಿಯನ್ನು ನೀವು ಸೀಟಿನಿಂದ ನೋಡುತ್ತೀರಿ, ನಾನು ಅಡಿಯಲ್ಲಿ ಮಲಗಿ ನೋಡುತ್ತೇನೆ. ಕೆಳಗಿನಿಂದ ಕಾಣುವುದು ಅಷ್ಟು ಚೆನ್ನಾಗಿಲ್ಲ ಮಾರಾಯ್ರೇ. ಮೀನಿನ ಗಾಡಿಯ ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ, ಗೇರ್‌ಬಾಕ್ಸಿಗೆ ಏನೂ ಆಗಿರುವುದಿಲ್ಲ, ಕ್ಯಾಬಿನ್ ಮೇಲೆ ದೇವರ ಹೆಸರು ಹೊಸದಾಗಿ ಬರೆಸಿರುತ್ತಾರೆ. ಅವೆಲ್ಲವನ್ನೂ ಹೊತ್ತು ನಿಂತ ಚಾಸಿ ಮಾತ್ರ ಒಳಗಿನಿಂದ ಪದರ ಪದರವಾಗಿ ಉದುರುತ್ತಿರುತ್ತದೆ. ಅದೇ ವರ್ಷದ, ಅದೇ ಮಾದರಿಯ ಗಾಡಿ ಹಾಸನದಲ್ಲಿ ಆಲೂಗಡ್ಡೆ ಹೊರುತ್ತಿದ್ದರೆ ಅದರ ಚಾಸಿಯಲ್ಲಿ ಕಂಪನಿಯ ಪೇಂಟು ಇನ್ನೂ ಅಲ್ಲಲ್ಲಿ ಉಳಿದಿರುತ್ತದೆ.

ಕಾರಣ ನಿಮಗೆ ಗೊತ್ತು, ಉಪ್ಪು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ನಮ್ಮಲ್ಲಿ ತಪ್ಪು ಕಲ್ಪನೆಗಳಿವೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಕ್ರೇಟಿನಿಂದ ಸೋರುವ ಐಸ್ ನೀರಿನಲ್ಲಿ ಅಷ್ಟಿಲ್ಲ, ನಿಜ. ಆದರೆ ಆ ನೀರು ಬಾಡಿಯ ಸಂದಿಯಿಂದ ಇಳಿದು ಚಾಸಿಯ ಮೇಲೆ ನಿಂತು ಆರುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮರುದಿನ ಮತ್ತೆ ನೀರು, ಮತ್ತೆ ಉಪ್ಪು. ಹೀಗೆ ಟ್ರಿಪ್ಪಿನ ಮೇಲೆ ಟ್ರಿಪ್ಪು ಅದು ಕೂಡುತ್ತಲೇ ಹೋಗುತ್ತದೆ. "ಬಿಸಿಲಿಗೆ ನಿಲ್ಲಿಸಿದ್ದೇನೆ, ಒಣಗುತ್ತದೆ" ಎನ್ನುತ್ತೀರಿ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದ ಕೂಡಲೇ ತಾನಾಗಿ ನೀರು ಹೀರಿ ಕರಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟು ತೇವ ಸಾಕು. ನಮ್ಮ ಕರಾವಳಿಯ ಗಾಳಿ ಅಷ್ಟು ಒಣಗುವುದು ಯಾವಾಗ? ಮುಟ್ಟಿದರೆ ಒಣಗಿದಂತೆ ಕಾಣುವ ಚಾಸಿಯಲ್ಲೂ ತುಕ್ಕಿನ ಕೆಲಸ ರಾತ್ರಿ ಹಗಲು ನಡೆಯುತ್ತಿರುತ್ತದೆ. ಒಣಮೀನು ಹೊರುವವರ ಗಾಡಿಯ ಸ್ಥಿತಿ ಇನ್ನೂ ಕಷ್ಟ, ಅಲ್ಲಿ ಉಪ್ಪು ನೇರವಾಗಿ ಹರಳಾಗಿಯೇ ಉದುರುತ್ತದೆ.

ಕಬ್ಬಿಣ ತುಕ್ಕಾದಾಗ ಮೊದಲಿದ್ದುದಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಕಡೆ, ಅಂದರೆ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ ಚಾಸಿಗೆ ಸೇರುವ ಜಾಗದಲ್ಲಿ, ಕ್ರಾಸ್ ಮೆಂಬರ್ ರಿವೆಟ್ ಆದ ಕಡೆ, ನಡುವೆ ಸಿಕ್ಕಿಬಿದ್ದ ತುಕ್ಕು ಹಿಗ್ಗಿ ತಗಡುಗಳನ್ನೇ ಬೇರ್ಪಡಿಸುತ್ತದೆ. ರಿವೆಟ್ಟಿನ ತಲೆ ಹಾರಿಹೋದ ಗಾಡಿಗಳನ್ನು ನೀವೂ ನೋಡಿದ್ದೀರಿ. ಲೋಡ್ ಜಾಸ್ತಿಯಾಗಿ ಹಾರಿತು ಎಂದು ಹೇಳುವುದು ವಾಡಿಕೆ. ಲೋಡಿನದೂ ಪಾಲಿದೆ, ಆದರೆ ಕೆಲಸ ಶುರು ಮಾಡಿದ್ದು ತುಕ್ಕು.

ಹಾಗಾದರೆ ಎಲ್ಲಿ ನೋಡಬೇಕು? ಹೆಚ್ಚಿನವರು ಹಿಂದಿನಿಂದ ಬಗ್ಗಿ, ಕಣ್ಣಿಗೆ ಕಂಡಷ್ಟು ನೋಡಿ ಏಳುತ್ತಾರೆ. ಕಣ್ಣಿಗೆ ಕಾಣುವ ಜಾಗಕ್ಕೆ ಗಾಳಿ ಆಡುತ್ತದೆ, ಮಳೆ ತೊಳೆಯುತ್ತದೆ, ಅಲ್ಲಿ ತುಕ್ಕು ನಿಧಾನ. ಕೆಡುವುದು ಕಾಣದ ಕಡೆ. ಚಾಸಿಗೂ ಲೋಡ್ ಬಾಡಿಗೂ ನಡುವೆ ಕೊಟ್ಟ ಮರದ ಪಟ್ಟಿಯನ್ನೋ ರಬ್ಬರ್ ಪ್ಯಾಕಿಂಗನ್ನೋ ಒಮ್ಮೆ ಸರಿಸಿ ನೋಡಿ. ಆ ಮರ ಸೀಸನ್ ಪೂರ್ತಿ ಉಪ್ಪುನೀರು ಕುಡಿದು ಕೂತಿರುತ್ತದೆ, ಅದರ ಅಡಿಯ ತಗಡು ಒಂದು ದಿನವೂ ಒಣಗಿರುವುದಿಲ್ಲ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಡೀಸೆಲ್ ಟ್ಯಾಂಕಿನ ಪಟ್ಟಿಯ ಹಿಂಭಾಗ, ಶ್ಯಾಕಲ್ ಪಿನ್ನಿನ ಸುತ್ತ, ಇವೆಲ್ಲ ಅದೇ ಜಾತಿ. ಚಾಸಿ ಡಬ್ಬಿಯಂತೆ ನಾಲ್ಕು ಕಡೆ ಮುಚ್ಚಿದ್ದರೆ ಅದರ ಹೊಟ್ಟೆಯೊಳಗೆ ಕೆಸರು ಸೇರಿ, ನೀರು ಹೋಗುವ ತೂತುಗಳು ಕಟ್ಟಿಕೊಂಡಿರುತ್ತವೆ. ಅಂಥದ್ದು ಒಳಗಿನಿಂದ ಹೊರಗೆ ಕೊಳೆಯುತ್ತದೆ. ಹೊರಗೆ ಒಂದು ರೂಪಾಯಿ ನಾಣ್ಯದಷ್ಟು ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈಯಷ್ಟು ಹೋಗಿರಬಹುದು.

ಇನ್ನು ಸುತ್ತಿಗೆಯ ಮಾತು. ಇದಕ್ಕೆ ದೊಡ್ಡ ವಿದ್ಯೆ ಬೇಡ. ಗುಂಡುತಲೆಯ ಸಣ್ಣ ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್, ಟಾರ್ಚು ಸಾಕು. ಕಣ್ಣಿಗೆ ಕನ್ನಡಕ ಮಾತ್ರ ಹಾಕಿಕೊಳ್ಳಿ, ಮಲಗಿ ಮೇಲಕ್ಕೆ ಹೊಡೆದಾಗ ಉದುರುವುದೆಲ್ಲ ನೇರ ಮುಖಕ್ಕೇ. ಗಾಡಿಯನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ. ಕೊಳೆತ ಚಾಸಿಗೆ ಜಾಕ್ ಕೊಟ್ಟರೆ ಜಾಕಿನ ತಲೆ ತಗಡನ್ನೇ ತೂರಿಕೊಂಡು ಮೇಲೆ ಹೋಗುತ್ತದೆ. ಆಕ್ಸಲ್‌ಗೆ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು ಆಮೇಲೆ ಮಲಗಿ. ಮುಂದಿನಿಂದ ಶುರು ಮಾಡಿ, ಏಕೆಂದರೆ ಎಂಜಿನಿನ ಸುತ್ತ ಎಣ್ಣೆ ಚಿಮ್ಮಿದ ಕಡೆ ತಗಡು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅಲ್ಲಿ ತಟ್ಟಿ, ಒಳ್ಳೆಯ ಉಕ್ಕಿನ ದನಿ ಕಿವಿಗೆ ಬೀಳಲಿ. ಟಣ್ ಎಂದು ಬರುತ್ತದೆ, ಸುತ್ತಿಗೆ ಕೈಗೆ ಪುಟಿಯುತ್ತದೆ. ಆ ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಕ್ಕೆ ಗೇಣು ಗೇಣಾಗಿ ತಟ್ಟುತ್ತ ಬನ್ನಿ. ಎಲ್ಲೋ ಒಂದು ಕಡೆ ದನಿ ಮಂಕಾಗುತ್ತದೆ, ಸುತ್ತಿಗೆ ಪುಟಿಯುವುದಿಲ್ಲ. ಅಲ್ಲಿ ನಿಲ್ಲಿ. ಇನ್ನೆರಡು ಗಟ್ಟಿಯಾಗಿ ಹೊಡೆಯಿರಿ. ಹಪ್ಪಳದಷ್ಟು ದಪ್ಪದ ಚಕ್ಕೆಗಳು ಬೀಳಲಿ, ಬಿದ್ದ ಮೇಲೆ ಉಳಿದದ್ದನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳಗೆ ಹೋಯಿತೋ, ಅಲ್ಲಿ ಚಾಸಿ ಇಲ್ಲ, ಚಾಸಿಯ ಆಕಾರ ಮಾತ್ರ ಇದೆ.

"ಹೊಡೆದರೆ ತೂತು ಬೀಳುತ್ತದೆ, ಸುಮ್ಮನೆ ಇದ್ದದ್ದನ್ನು ಹಾಳು ಮಾಡುತ್ತೀರಿ" ಎಂದು ಜಗಳಕ್ಕೆ ಬಂದವರಿದ್ದಾರೆ. ಒಂದು ಕೈಯ ಸುತ್ತಿಗೆ ಪೆಟ್ಟಿಗೆ ತೂತು ಬೀಳುವ ತಗಡು ಶಿರಾಡಿ ಘಾಟಿಯ ಹೊಂಡಕ್ಕೆ ಲೋಡಿನೊಂದಿಗೆ ಇಳಿದಾಗ ಏನಾಗಬೇಕು, ನೀವೇ ಹೇಳಿ.

ಸುತ್ತಿಗೆಗೆ ಮೊದಲೇ ಗಾಡಿ ತಾನಾಗಿ ಹೇಳುವ ಮಾತುಗಳೂ ಇವೆ. ಕ್ಯಾಬಿನ್ನಿಗೂ ಲೋಡ್ ಬಾಡಿಗೂ ನಡುವಿನ ಸಂದಿ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು ಆಗಿದೆಯೇ? ಲೋಡ್ ಇಳಿಸಿದ ಮೇಲೂ ಒಂದು ಮೂಲೆ ಕುಳಿತೇ ಇದೆಯೇ? ಅಲೈನ್‌ಮೆಂಟ್ ಮಾಡಿಸಿದ ತಿಂಗಳೊಳಗೆ ಮತ್ತೆ ಟೈರ್ ಒಂದೇ ಬದಿ ಸವೆಯುತ್ತಿದೆಯೇ? ಹಿಂದಿನಿಂದ ಬರುವವರು "ನಿಮ್ಮ ಗಾಡಿ ಅಡ್ಡಡ್ಡ ಓಡುತ್ತದೆ" ಎಂದರೇ? ಇವಕ್ಕೆಲ್ಲ ಬುಷ್, ಸ್ಪ್ರಿಂಗ್ ಪ್ಲೇಟು ಬದಲಿಸಿ ದುಡ್ಡು ಕಳೆಯುವ ಮೊದಲು ಚಾಸಿ ನೋಡಿಸಿ. ಜೊತೆಗೆ, ಚಾಸಿಯುದ್ದಕ್ಕೂ ಹೋಗುವ ಬ್ರೇಕ್ ಪೈಪನ್ನು ಕ್ಲಿಪ್ಪು ಬಿಚ್ಚಿ ನೋಡಿ. ಕ್ಲಿಪ್ಪಿನ ಅಡಿಯಲ್ಲೇ ಅದು ತಿಂದುಹೋಗಿರುವುದು. ಅದು ಒಡೆಯುವುದು ನೀವು ಗಟ್ಟಿಯಾಗಿ ಬ್ರೇಕ್ ಒತ್ತಿದ ಹೊತ್ತಿಗೇ, ಅಂದರೆ ಬೇಕೇ ಬೇಕಾದ ಹೊತ್ತಿಗೆ.

ನೋಡಿ ಆಯಿತು, ತುಕ್ಕು ಮೇಲ್ಮೈಯಲ್ಲಷ್ಟೇ ಇದೆ, ತಗಡು ಗಟ್ಟಿ ಇದೆ ಎಂದುಕೊಳ್ಳೋಣ. ಆಗ ಉಳಿಸಿಕೊಳ್ಳಬಹುದು, ಆದರೆ ಕೆಲಸದ ಕ್ರಮ ತಪ್ಪಬಾರದು. ನಮ್ಮಲ್ಲಿ ಮೊದಲು ವೈರ್ ಬ್ರಶ್ ಹಾಕುತ್ತಾರೆ. ಮೊದಲು ಬೇಕಾದದ್ದು ನೀರು, ಸಿಹಿನೀರು. ತೊಳೆಯದೆ ಬ್ರಶ್ ಹೊಡೆದರೆ ಉಪ್ಪು ಸಣ್ಣ ಸಣ್ಣ ಗುಂಡಿಗಳೊಳಗೆ ಉಜ್ಜಿ ಕೂರುತ್ತದೆ, ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಒಂದು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಕಡಲ ಬದಿಯ ಬಾವಿಗಳ ನೀರು ಮೇ ತಿಂಗಳಲ್ಲಿ ಉಪ್ಪಾಗುವುದು ನಿಮಗೆ ಗೊತ್ತಲ್ಲ, ನಾಲಿಗೆಗೆ ಹಚ್ಚಿ ನೋಡಿಯೇ ಪೈಪ್ ಹಿಡಿಯಿರಿ. ಚಾಸಿಯ ಒಳಗೂ ನೀರು ಬಿಟ್ಟು, ಕಟ್ಟಿದ ತೂತು ಬಿಡಿಸಿ, ಕೆಸರು ಬರುವುದು ನಿಂತು ತಿಳಿನೀರು ಬರುವವರೆಗೆ ತೊಳೆದು, ಆಮೇಲೆ ಚಕ್ಕೆ ತೆಗೆಯಿರಿ, ಬ್ರಶ್ ಹಾಕಿ, ಮತ್ತೊಮ್ಮೆ ತೊಳೆಯಿರಿ.

ತುಕ್ಕನ್ನು ಕಪ್ಪಾಗಿ ಮಾರ್ಪಡಿಸುವ ರಸ್ಟ್ ಕನ್ವರ್ಟರ್ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಫಾಸ್ಫಾರಿಕ್ ಆಸಿಡ್, ಇಲ್ಲವೇ ಟ್ಯಾನಿಕ್ ಆಸಿಡ್. ತೆಳುವಾಗಿ, ಗಟ್ಟಿಯಾಗಿ ಅಂಟಿಕೊಂಡ ತುಕ್ಕಿಗೆ ಒಳ್ಳೆಯದು, ಚಕ್ಕೆ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಪದರಕ್ಕೆ ಮಾತ್ರ ತಾಗುತ್ತದೆ. (ಯೂಟ್ಯೂಬ್ ನೋಡಿ ಕೋಲಾ ಬಾಟಲಿ ತರುವ ಹುಡುಗರಿಗೆ ಒಂದು ಮಾತು: ಅದರಲ್ಲೂ ಫಾಸ್ಫಾರಿಕ್ ಆಸಿಡ್ ಇರುವುದು ಹೌದು, ಆದರೆ ಚಾಸಿಗೆ ಸುರಿದರೆ ತುಕ್ಕು ಹೋಗುವ ಮೊದಲು ಇರುವೆ ಬರುತ್ತದೆ.) ಸತುವಿನ ಪ್ರೈಮರ್ ಕೆಲಸ ಮಾಡಬೇಕಾದರೆ ಅದು ಬರಿಯ ಉಕ್ಕಿಗೇ ತಾಗಬೇಕು, ಅಂದರೆ ಬಾಡಿ ಇಳಿಸಿ ಬ್ಲಾಸ್ಟಿಂಗ್ ಮಾಡಿಸಬೇಕು. ಅಷ್ಟು ಖರ್ಚು ಬೇಡವೆಂದರೆ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಕೋಟ್ ಪೇಂಟು, ಒಳಗೆ ಉದ್ದ ನಳಿಗೆಯಿಂದ ಮೇಣದ ಸ್ಪ್ರೇ. ಇದನ್ನು ಜುಲೈಯಲ್ಲಿ ಮಾಡಿಸಬೇಡಿ ಎಂದು ಕೈಮುಗಿಯುತ್ತೇನೆ. ಗಾಳಿಯ ತೇವ ಶೇ. 85 ದಾಟಿದರೆ ಪೇಂಟು ಹೊಡೆಯಬಾರದು ಎಂಬುದು ಈ ಕಸುಬಿನ ಸಾಮಾನ್ಯ ನಿಯಮ, ನಮ್ಮ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಇರುವ ದಿನ ಹುಡುಕಬೇಕು. ರಜೆ ಇರುವುದು ಮಳೆಗಾಲದಲ್ಲಿ, ಪೇಂಟು ಒಣಗುವುದು ಬೇಸಿಗೆಯಲ್ಲಿ. ಇದು ನಮ್ಮ ಊರಿನ ಫಜೀತಿ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಕೆಲವು ದಿನ ಬಾಡಿಗೆ ಬಿಟ್ಟು ಗಾಡಿ ನಿಲ್ಲಿಸಿ, ರಜೆಯನ್ನು ಬಿಚ್ಚಿ ನೋಡುವುದಕ್ಕೆ, ಬೆಸುಗೆಗೆ ಇಟ್ಟುಕೊಳ್ಳಿ.

ಎರಡು ವಸ್ತುಗಳನ್ನು ಮಾತ್ರ ಚಾಸಿಯ ಹತ್ತಿರ ತರಬೇಡಿ. ಒಂದು ಡಾಂಬರಿನಂಥ ದಪ್ಪ ಅಂಡರ್‌ಕೋಟು. ಹೊಸ ಗಾಡಿಗೆ ಅದು ಸರಿ, ತುಕ್ಕು ಹಿಡಿದದ್ದರ ಮೇಲೆ ಹೊಡೆದರೆ ಉಪ್ಪನ್ನೂ ತೇವವನ್ನೂ ಒಳಗೆ ಕೂಡಿಹಾಕಿ ಬೀಗ ಹಾಕಿದಂತೆ. ಸುತ್ತಿಗೆಯ ದನಿಯನ್ನೂ ಅದು ನುಂಗುತ್ತದೆ, ಹಳೆಯ ಗಾಡಿ ಮಾರುವವರಿಗೆ ಅದರ ಮೇಲೆ ಅಷ್ಟು ಪ್ರೀತಿ ಬರುವುದು ಅದಕ್ಕೇ. ಇನ್ನೊಂದು ಸುಟ್ಟ ಎಂಜಿನ್ ಆಯಿಲ್. ತುಕ್ಕು ತಡೆಯುವುದು ಸ್ವಲ್ಪ ನಿಜ, ಆದರೆ ರಬ್ಬರ್ ಬುಷ್ ಹಾಳು, ರಸ್ತೆಗೆ ತೊಟ್ಟಿಕ್ಕಿ ಹಿಂದಿನ ಬೈಕಿನವ ಜಾರುತ್ತಾನೆ. ಮೀನಿನ ನೀರು ರಸ್ತೆಗೆ ಬಿಡುತ್ತೀರಿ ಎಂದು ಜನ ಈಗಾಗಲೇ ನಿಮ್ಮನ್ನು ಬಯ್ಯುತ್ತಿದ್ದಾರೆ, ಅದಕ್ಕೆ ಎಣ್ಣೆ ಸೇರಿಸುವುದು ಬೇಡ.

ಈಗ ಕಷ್ಟದ ಭಾಗ. ತೂತು ಬಿದ್ದಿದೆ. ಬೆಸೆಯಬಹುದೇ?

ಕೆಲವೊಮ್ಮೆ ಬೆಸೆಯಬಹುದು. ತೂತು ಚಾಸಿಯ ನಿಂತ ಬದಿಯಲ್ಲಿದ್ದು, ಸುತ್ತ ನಾಲ್ಕೂ ಕಡೆ ಒಳ್ಳೆಯ ಉಕ್ಕು ಸಿಗುವಂತಿದ್ದು, ಸ್ಪ್ರಿಂಗ್ ಬ್ರಾಕೆಟ್ಟಿನಿಂದ ದೂರವಿದ್ದರೆ, ಕೊಳೆತದ್ದನ್ನೆಲ್ಲ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು ಅಷ್ಟೇ ದಪ್ಪದ ಹೊಸ ತಗಡು ಕೂರಿಸಬಹುದು. ನಮ್ಮಲ್ಲಿ ಆಗುವುದು ಹಾಗಲ್ಲ. ಕೊಳೆತದ್ದರ ಮೇಲೆಯೇ ಒಂದು ಚೌಕ ತಗಡು ಇಟ್ಟು ಸುತ್ತ ಬೆಸೆದು ಬಿಡುತ್ತಾರೆ. ಒಳಗೆ ಮತ್ತೆ ಎರಡು ತಗಡಿನ ಸಂದಿ ಹುಟ್ಟಿತು, ತುಕ್ಕಿಗೆ ಹೊಸ ಮನೆ ಸಿಕ್ಕಿತು. ಅದೂ ಅಲ್ಲದೆ, ಲೋಡ್ ಬಿದ್ದಾಗ ಚಾಸಿಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಅಂಚು ಎಳೆದುಕೊಳ್ಳುತ್ತದೆ, ಬಾಗಿಸುವ ಭಾರ ಹೆಚ್ಚಾಗಿ ಕೆಲಸ ಮಾಡುವುದು ಆ ಎರಡು ಅಂಚುಗಳಲ್ಲೇ. ಅಂಚಿಗೆ ತೂತು ಕೊರೆಯಬೇಡಿ, ಬೆಸುಗೆ ಹಾಕಬೇಡಿ ಎಂದು ಗಾಡಿ ಕಂಪನಿಗಳು ಬಾಡಿ ಕಟ್ಟುವವರಿಗೆ ಹೇಳುವುದು ಇದಕ್ಕೇ. ಕೆಳಅಂಚಿನ ಮೇಲೆ ಅಡ್ಡಲಾಗಿ ಎಳೆದ ಬೆಸುಗೆಯ ಗೆರೆ ಮುಂದಿನ ಬಿರುಕಿಗೆ ಹಾಕಿಕೊಟ್ಟ ಗುರುತು. ತೇಪೆ ಹಾಕಲೇಬೇಕಾದರೆ ತಗಡಿನ ತುದಿಗಳು ಓರೆಯಾಗಿ ಚೂಪಾಗಿರಲಿ, ನೇರ ಕತ್ತರಿಸಿದ ಚೌಕ ಬೇಡ. ಭಾರ ಒಮ್ಮೆಲೇ ಗಟ್ಟಿ ಜಾಗದಿಂದ ತೆಳು ಜಾಗಕ್ಕೆ ಬಿದ್ದರೆ ಅಲ್ಲಿಯೇ ಸೀಳುತ್ತದೆ.

ಬೆಸುಗೆಯವನಿಗೂ ಕೆಲವು ಮಾತು ಹೇಳಿ. ಬ್ಯಾಟರಿಯ ಎರಡೂ ವೈರ್ ಬಿಚ್ಚಬೇಕು, ಇಸಿಯು ಇರುವ ಗಾಡಿಯಲ್ಲಿ ಅದರ ಸಾಕೆಟ್ಟೂ ಕಳಚಬೇಕು, ಅರ್ತ್ ಕ್ಲಿಪ್ಪು ಬೆಸೆಯುವ ಜಾಗದ ಪಕ್ಕದಲ್ಲೇ ಇರಬೇಕು. ಡೀಸೆಲ್ ಟ್ಯಾಂಕ್ ಹತ್ತಿರವಿದ್ದರೆ ಇಳಿಸಬೇಕು. ಸತು ಲೇಪಿಸಿದ ಜಿಐ ತಗಡು ಬೆಸೆದರೆ ಏಳುವ ಬಿಳಿ ಹೊಗೆ ಸತುವಿನದು, ಅದನ್ನು ಕುಡಿದವನಿಗೆ ಸಂಜೆಗೆ ಚಳಿಜ್ವರ ಬರುತ್ತದೆ. ಮೊದಲು ಸತು ಉಜ್ಜಿ ತೆಗೆಯಲಿ.

ಸ್ಪ್ರಿಂಗ್ ಬ್ರಾಕೆಟ್ಟಿನ ಸುತ್ತ ಹೋಗಿದ್ದರೆ, ಎರಡು ಅಂಚಿನಲ್ಲೂ ತೂತು ಬಿದ್ದಿದ್ದರೆ, ಒಂದು ಕಡೆ ಬೆಸೆಯಲು ಹೋದಾಗ ತಗಡು ಕರಗಿ ಕರಗಿ ಬೀಳುತ್ತಿದ್ದರೆ, ಆ ಚಾಸಿಯ ಕತೆ ಮುಗಿಯಿತು. ಇದು ನನ್ನೊಬ್ಬನ ಹಟ ಅಲ್ಲ. ಅಮೆರಿಕದಲ್ಲಿ ಚಳಿಗಾಲಕ್ಕೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅಲ್ಲಿನ ಟೊಯೋಟಾ ಟಕೋಮಾ ಪಿಕಪ್‌ಗಳಿಗೆ ಬಂದದ್ದೂ ಇದೇ ರೋಗ. 1995ರಿಂದ 2000ದ ಮಾದರಿಗಳಿಗೆ ಕಂಪನಿ 2008ರಲ್ಲಿ ತುಕ್ಕಿನ ವಾರಂಟಿಯನ್ನು 15 ವರ್ಷಕ್ಕೆ ಏರಿಸಿತು, ಚಾಸಿ ತೂತಾದ ಗಾಡಿಗಳನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸು ಕೊಂಡಿತು. 2005ರಿಂದ 2010ರ ಟಕೋಮಾ ಮತ್ತು ಇನ್ನೆರಡು ಮಾದರಿಗಳ ಬಗ್ಗೆ ಕೋರ್ಟಿಗೆ ಹೋದವರೊಂದಿಗೆ 2016ರಲ್ಲಿ ರಾಜಿಯಾಯಿತು. ಸುಮಾರು 15 ಲಕ್ಷ ಗಾಡಿ, 340 ಕೋಟಿ ಡಾಲರಿನವರೆಗಿನ ಲೆಕ್ಕ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಅದು ಬೇರೆ ಮಾತು. ಗಮನಿಸಬೇಕಾದದ್ದು ಏನೆಂದರೆ, ತೂತು ಬಿದ್ದ ಚಾಸಿಗೆ ತೇಪೆ ಹಾಕಿ ಕೊಡುತ್ತೇವೆ ಎಂದು ಆ ರಾಜಿಯಲ್ಲಿ ಹೇಳಲಿಲ್ಲ. ಚಾಸಿಯನ್ನೇ ಬದಲಿಸಿ ಕೊಡುತ್ತೇವೆ ಎಂದರು. ನಮ್ಮ ಹತ್ತು ವರ್ಷದ ಗಾಡಿಗೆ ಅಂಥ ಯಜಮಾನರು ಯಾರೂ ಇಲ್ಲ, ಹಾಗಾಗಿ ತೇಪೆಯೇ ಗತಿ ಎಂದುಕೊಂಡಿದ್ದೇವೆ.

ಚಾಸಿ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಬರಹದಲ್ಲಿ ಅನುಮತಿ ಪಡೆಯಿರಿ. ಗಾಡಿಯ ಗುರುತೆಲ್ಲ ಇರುವುದು ಚಾಸಿಯ ಮೇಲೆ ಪಂಚ್ ಮಾಡಿದ ನಂಬರಿನಲ್ಲಿ. ತುಕ್ಕಿನಲ್ಲಿ ನಂಬರ್ ಅಳಿಸಿಹೋಗಿದೆ ಎಂದು ಯಾರ ಕೈಯಲ್ಲೋ ಮತ್ತೆ ಹೊಡೆಸಿಕೊಂಡರೆ ಕದ್ದ ಗಾಡಿಯವನಿಗೂ ನಿಮಗೂ ಪೊಲೀಸರ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಈಗ ನಂಬರ್ ಚೆನ್ನಾಗಿದ್ದರೆ ಅದರ ಮೇಲೆ ಸ್ವಲ್ಪ ಗ್ರೀಸ್ ಹಚ್ಚಿಡಿ, ಕಾಸು ಖರ್ಚಿಲ್ಲದ ಕೆಲಸ.

ಎಂಟು ವರ್ಷ ದಾಟಿದ ಸಾರಿಗೆ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಪೇಂಟು ಹೊಡೆಸಿ ಪಾಸು ಮಾಡಿಸಿಕೊಂಡಿರಿ ಎಂದುಕೊಳ್ಳೋಣ. ಮೋಸ ಹೋದವರು ಯಾರು? ಇನ್‌ಸ್ಪೆಕ್ಟರ್ ಮನೆಗೆ ಹೋಗಿ ಮಲಗುತ್ತಾರೆ, ಬ್ರೋಕರ್ ದುಡ್ಡು ಎಣಿಸುತ್ತಾನೆ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬೆಳಗಿನ ಜಾವ ಸ್ಟಿಯರಿಂಗ್ ಹಿಡಿದಿರುವವರು ನೀವು, ಇಲ್ಲವೇ ನೀವು ಸಂಬಳ ಕೊಟ್ಟು ಇಟ್ಟುಕೊಂಡ ಹುಡುಗ. ಸಂಬಳದ ಚಾಲಕರಿಗೆ ಹೇಳುವುದು: ಅಡಿಗೆ ಮಲಗಿ ನೋಡುವುದಕ್ಕೆ ಮಾಲೀಕರ ಅಪ್ಪಣೆ ಬೇಡ. ತೂತು ಕಂಡರೆ ಫೋನಿನಲ್ಲಿ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಅಳಿಸಬೇಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೀನಿಗೆ ಓಡಿದ ಗಾಡಿಯ ಚಾಸಿ ಕೆಟ್ಟಿತೆಂದರೆ ಅದು ಮಾರಾಟಕ್ಕೆ ಘಟ್ಟ ಹತ್ತುತ್ತದೆ. ಅಂಡರ್‌ಕೋಟು, ಹೊಸ ಸೀಟ್ ಕವರು, ಬಾಡಿಗೆ ಹೊಸ ಬಣ್ಣ, ವಾಸನೆ ಹೋಗುವವರೆಗೆ ಒಂದಷ್ಟು ದಿನ ಬಿಸಿಲು. ಸಕಲೇಶಪುರದಲ್ಲೋ ಕೊಪ್ಪದಲ್ಲೋ ತೋಟದ ಕೆಲಸಕ್ಕೆಂದು ಸಾಲ ಮಾಡಿ ಕೊಳ್ಳುವವರಿಗೆ ತುಕ್ಕಿನ ಪರಿಚಯವೇ ಇರುವುದಿಲ್ಲ. ಅವರ ಊರಿನಲ್ಲಿ ಚಾಸಿ ಹೀಗೆ ಕೊಳೆಯುವುದನ್ನು ಅವರು ನೋಡಿಲ್ಲ. ಆ ಗಾಡಿಯ ಹಿಂದೆ ಸಂಜೆ ತೋಟದ ಹೆಂಗಸರು ಕೂತು ಮನೆಗೆ ಹೋಗುತ್ತಾರೆ. ಇದನ್ನು ವ್ಯಾಪಾರ ಎಂದು ನಾನು ಒಪ್ಪುವುದಿಲ್ಲ. ಮಾರುವುದಾದರೆ ಮೀನಿಗೆ ಓಡಿದ ಗಾಡಿ ಎಂದು ಹೇಳಿ ಮಾರಿ, ಸುತ್ತಿಗೆ ಅವರ ಕೈಗೇ ಕೊಡಿ. ಕತೆ ಮುಗಿದ ಚಾಸಿಯಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಒಪ್ಪಿಸಿ. ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ ತೋರಿಸಿ ಹೊಸ ಸಾರಿಗೆ ಗಾಡಿ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿದ್ದರೆ ಅದಕ್ಕೆ ಬೇರೆ ಬೆಲೆ ಕೇಳಿ.

ಕೊನೆಗೆ, ಇದು ಒಬ್ಬೊಬ್ಬರಿಂದ ಆಗುವ ಕೆಲಸ ಅಲ್ಲದ್ದರಿಂದ ನಿಮ್ಮ ಸಂಘಗಳ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಲೋಡ್ ಇಳಿಸಿ ಬಂದ ಗಾಡಿಯ ಅಡಿ ತೊಳೆಯಲು ಪ್ರತಿ ಬಂದರಿನ ಹೊರಗೆ ಸಿಹಿನೀರಿನ ಒಂದು ರ‍್ಯಾಂಪ್ ಬೇಕು, ತೊಳೆದ ನೀರು ಹೋಗಲು ಗುಂಡಿಯೊಂದಿಗೆ. ಬಂದರು ಅಭಿವೃದ್ಧಿ ಎಂದು ಮನವಿ ಬರೆಯುವಾಗ ಐಸ್ ಪ್ಲಾಂಟು, ಹರಾಜು ಕಟ್ಟೆಯ ಜೊತೆ ಇದನ್ನೂ ಸೇರಿಸಿ. ಇನ್ನೊಂದು, ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜು. ಬೋಟು ಕಟ್ಟುವ ಯಾರ್ಡಿನವರು ಉಕ್ಕಿನ ಬೋಟಿಗೆ ಬಳಸುತ್ತಾರೆ, ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಸಂಘಕ್ಕೆ ಒಂದು ಕೊಂಡರೆ ಎಲ್ಲ ಗಾಡಿಗಳಿಗೂ ಸಾಕು. ಅಳೆಯುವುದು ಹೇಗೆ ಎಂದು ತೋರಿಸಿಕೊಡಲು ನಾನು ಬರುತ್ತೇನೆ, ಭಾನುವಾರವಾದರೆ ಒಳ್ಳೆಯದು, ಗ್ಯಾರೇಜಿಗೆ ರಜೆ.

ಇತಿ,
ಧಕ್ಕೆ ರಸ್ತೆಯ ಗ್ಯಾರೇಜಿನವ